ಎಲ್ಲದಕ್ಕೂ ಹೂಂ

ಅಕ್ಕ ಚಹಾ ಕುಡಿಯುವಾಗ ಸದ್ದು ಮಾಡುವುದಿಲ್ಲ ಎಂಬುದೇ ಆವತ್ತು ಬೆಳಿಗ್ಗೆ ಅವನ ಮೈ ಉರಿಸಿತು. ಸುರ್ರೆಂದು ಹೀರಿದ್ದರೆ ಒಂದು ಮಾತು ಆಡಿಬಿಡಬಹುದಿತ್ತು. ಆ ಮಾತಿನ ಹಿಂದೆಯೇ ಇನ್ನೊಂದು ಬಂದು, ಹತ್ತು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಹೇಗೋ ಹೊರಗೆ ಬಿದ್ದು ಹೋಗುತ್ತಿತ್ತು. ಆದರೆ ಅವಳು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತವಳು. ಬೇಡದ ಸದ್ದು ಬಾಯಿಂದ ಹೊರಡಿಸುವುದು ಅವಳ ಜಾಯಮಾನದಲ್ಲೇ ಇಲ್ಲ. ಲೋಟ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ಚೀಲ ತೆಗೆದುಕೊಂಡಳು. ಚೀಲದ ಬಾಯಲ್ಲಿ ಪ್ಲಾಸ್ಟಿಕ್ ಫೈಲಿನ ಮೂಲೆ ಇಣುಕುತ್ತಿತ್ತು. "ಎಲ್ಲಿಗೋ ಹೊರಟ ಹಾಗಿದೆಯಲ್ಲಕ್ಕ?" ಎಂದಳು ಅವನ ಹೆಂಡತಿ. "ಸ್ವಲ್ಪ ಕೆಲಸ ಇದೆ ಕಣಮ್ಮ. ಮಧ್ಯಾಹ್ನದ ಅಡುಗೆ ಮಾಡಿಟ್ಟಿದೀನಿ, ಬಿಸಿ ಮಾಡ್ಕೊ." ಹೆಂಡತಿ ಅವನ ಕಡೆ ತಿರುಗಿ, "ಸ್ಕೂಟರಲ್ಲಿ ಬಿಟ್ಟು ಹೋಗಿ, ಬಿಸಿಲಿದೆ" ಎಂದಳು. "ನನ್ನ ದಾರೀಲಿಲ್ಲ" ಎಂದುಬಿಟ್ಟ. ಎಲ್ಲಿಗೆ ಎಂದು ತಾನು ಕೇಳಲೇ ಇಲ್ಲ ಎಂಬುದು ಚಪ್ಪಲಿ ಮೆಟ್ಟುವಾಗ ಹೊಳೆಯಿತು. ಹೆಂಡತಿಗೆ ಅದು ತಟ್ಟಲಿಲ್ಲ, ಅವಳಿಗೆ ಯಾವುದು ತಾನೇ ತಟ್ಟುತ್ತದೆ. ಅಕ್ಕ ಮಾತ್ರ ಒಂದು ಕ್ಷಣ ಅವನ ಮುಖ ನೋಡಿ, ಬಸ್ಸಿಗೆ ಚಿಲ್ಲರೆ ಇದೆಯೇ ಎಂದು ಪರ್ಸಿನೊಳಗೆ ಹುಡುಕತೊಡಗಿದಳು.

ಇಬ್ಬರೂ ಹೊರಟದ್ದು ಒಂದೇ ಕಟ್ಟಡಕ್ಕೆ. ಅದು ಜನರಿಂದ ದುಡ್ಡು ತೆಗೆದುಕೊಳ್ಳುವ ಕಂಪನಿಗಳ ಮೇಲೆ ಕಣ್ಣಿಡುವ ಮಂಡಳಿ. ವಿಮೆ, ಪಿಂಚಣಿ, ಉಳಿತಾಯದ ಯೋಜನೆ ಎಂದು ಯಾರು ಏನು ಮಾರಿದರೂ ಲೈಸೆನ್ಸು ಕೊಡುವುದು, ತಪಾಸಣೆ ಮಾಡುವುದು, ದೂರು ಕೇಳುವುದು ಈ ಮಂಡಳಿಯೇ. ಅವನು ಅಲ್ಲಿ ದೂರು ವಿಭಾಗದ ಅಧಿಕಾರಿ. ಇಪ್ಪತ್ತೆರಡು ವರ್ಷದ ಕೆಲಸ ಅವನಿಗೆ ಕಲಿಸಿದ್ದು ಒಂದೇ: ಮೋಸ ಮಾಡುವವರನ್ನು ಕಂಡರೆ ತನಗೆ ಅಷ್ಟೇನೂ ಹೇಸಿಗೆಯಿಲ್ಲ, ಅವರಿಗಾದರೂ ತಾವೇನು ಮಾಡುತ್ತಿದ್ದೇವೆ ಎನ್ನುವುದು ಗೊತ್ತಿರುತ್ತದೆ. ನಿಜವಾದ ಹೇಸಿಗೆ ಮೋಸ ಹೋಗುವವರ ಮೇಲೆ. ನಿವೃತ್ತ ಮೇಷ್ಟ್ರುಗಳು, ದಿನಸಿ ಅಂಗಡಿಯವರು, ಗಂಡ ಸತ್ತವರು, ಎಲ್ಲರೂ ಅದೇ ಒದ್ದೆ ಕಣ್ಣು, ಅದೇ ಮಡಚಿ ಮಡಚಿ ಬಟ್ಟೆಯಂತಾದ ಕಾಗದ, ಅದೇ ಮಾತು: ನಗುನಗುತ್ತಾ ಮಾತಾಡಿದ ಸರ್, ನಮ್ಮ ಮಗನ ಹಾಗಿದ್ದ. ನಗುನಗುತ್ತಾ ಮಾತಾಡದೆ ಹಲ್ಲು ಕಡಿಯುತ್ತಾ ಬರುತ್ತಾನೆಯೇ ಏಜೆಂಟು, ಬೆಪ್ಪುತಕ್ಕಡಿಗಳೇ, ಎಂದು ಬಾಯಿಗೆ ಬರುತ್ತಿತ್ತು. "ಪರಿಶೀಲಿಸಲಾಗುವುದು" ಎನ್ನುತ್ತಿದ್ದ. ಅಂಥವರು ಒಬ್ಬರಾದ ಮೇಲೊಬ್ಬರು ಬಂದು ಕೂರುವ ಉದ್ದನೆಯ ಬೆಂಚಿನ ಮೇಲೆ ಅಕ್ಕನೂ ಇವತ್ತು ಹನ್ನೊಂದು ಗಂಟೆಗೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಬಸ್ಸಿನ ಕಿಟಕಿಗಳನ್ನು ನೋಡದ ಹಾಗೆ ಎದುರಿನ ಲಾರಿಯ ನಂಬರ್ ಪ್ಲೇಟನ್ನೇ ದಿಟ್ಟಿಸಿದ.

ಹತ್ತು ದಿನದ ಕೆಳಗೆ ಫೈಲು ಮೇಜಿಗೆ ಬಂದಾಗ ಅವನು ಮೊದಲು ಗುರುತಿಸಿದ್ದು ಕೈಬರಹವನ್ನು. ಎಕ್ಸ್‌ಚೇಂಜಿನ ಲಾಗ್ ಬುಕ್ಕಿನಲ್ಲಿ ಬರೆದೂ ಬರೆದೂ ಮಣಿ ಪೋಣಿಸಿದಂತಾದ ಅಕ್ಷರ. ಮನೆಯಲ್ಲಿ ಅವನಿಗೆ ಒಂದು ಮಾತು ಹೇಳದೆ, ಕೌಂಟರಿನಲ್ಲಿ ಟೋಕನ್ ತೆಗೆದುಕೊಂಡು, ಸಾಲಿನಲ್ಲಿ ನಿಂತು ಕೊಟ್ಟು ಹೋಗಿದ್ದಳು. ದೂರು ಎರಡೇ ಪ್ಯಾರಾ. ನಿವೃತ್ತಿಯ ದುಡ್ಡನ್ನೆಲ್ಲ ಒಂದು ಪಿಂಚಣಿ ಯೋಜನೆಗೆ ಹಾಕಿದ್ದೇನೆ, ಒಂದು ವರ್ಷದ ಮೇಲೆ ಯಾವಾಗ ಬೇಕಾದರೂ ತೆಗೆಯಬಹುದು ಎಂದು ಏಜೆಂಟು ಹೇಳಿದ್ದ, ಈಗ ಕೇಳಿದರೆ ಹತ್ತು ವರ್ಷ ಮುಟ್ಟುವ ಹಾಗಿಲ್ಲ ಅನ್ನುತ್ತಾರೆ, ಬೇರೆ ಮನೆ ಮಾಡಲು ಮುಂಗಡ ಕೊಡಬೇಕಾಗಿದೆ, ಕೊಡಿಸಿ. ಬೇರೆ ಮನೆ. ಹಳೆಯ ಎಕ್ಸ್‌ಚೇಂಜಿನ ಹಿಂದೆ, ಅವಳ ಜೊತೆ ಕೆಲಸ ಮಾಡಿದವಳೊಬ್ಬಳ ಮಹಡಿ ಮೇಲೆ ಎರಡು ಕೋಣೆ. ತಿಂಗಳ ಕೊನೆಯವರೆಗೆ ಇಟ್ಟಿರುತ್ತೇನೆ ಎಂದಿದ್ದಳಂತೆ. ಇದನ್ನೆಲ್ಲ ಅವನು ಒಬ್ಬ ಅಧಿಕಾರಿಯಾಗಿ, ಸರ್ಕಾರಿ ಕಾಗದದ ಮೇಲೆ, ಉಳಿದ ನಲವತ್ತು ದೂರುಗಳ ಜೊತೆ ಓದಬೇಕಾಯಿತು. ಕೆಳಗೆ ಅವನದೇ ಮನೆಯ ವಿಳಾಸ. ಅವನ ಸೇವಾ ಪುಸ್ತಕದಲ್ಲೂ ಅದೇ ವಿಳಾಸ ಇತ್ತು, ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುವಷ್ಟು ಬುದ್ಧಿವಂತರು ಆ ನಾಲ್ಕು ಮಹಡಿಯಲ್ಲಿ ಒಬ್ಬರೂ ಇರಲಿಲ್ಲ. ಸಂಬಂಧಿಕರ ದೂರು ಬಂದರೆ ತುಂಬಿ ಕೊಡಬೇಕಾದ ಅರ್ಧ ಹಾಳೆಯೊಂದಿದೆ: ದೂರುದಾರರು ನನಗೆ ಇಂಥವರಾಗಬೇಕು, ಈ ಫೈಲನ್ನು ಬೇರೆಯವರಿಗೆ ವಹಿಸಿ. ಅದನ್ನು ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿ, ಮತ್ತೆ ಮುಚ್ಚಿ ಡ್ರಾಯರಿಗೆ ಹಾಕಿದ.

ಹಾಕಿದ್ದು ಯಾಕೆಂದರೆ ಏಳು ಪ್ರಶ್ನೆಗಳು. ನಾಲ್ಕು ವರ್ಷದ ಹಿಂದೆ ಮಂಡಳಿ ಹೊಸ ನಿಯಮ ತಂದಿತ್ತು: ಯಾವ ಕಂಪನಿಯೂ ಗಿರಾಕಿಯ ದುಡ್ಡು ಮುಟ್ಟುವ ಮೊದಲು ಫೋನ್ ಮಾಡಿ ಏಳು ಪ್ರಶ್ನೆ ಕೇಳಬೇಕು, ಉತ್ತರ ರೆಕಾರ್ಡ್ ಆಗಬೇಕು. ಏಜೆಂಟು ಏನೇ ಕತೆ ಕಟ್ಟಿರಲಿ, ಈ ಕರೆಯಲ್ಲಿ ಸತ್ಯ ಬಯಲಾಗಲೇಬೇಕು. ಆ ಏಳನ್ನೂ ಬರೆದವನು ಅವನು. ಮೊದಲನೆಯದು, ಪಕ್ಕದಲ್ಲಿ ಯಾರಾದರೂ ಕೂತು ಉತ್ತರ ಹೇಳಿಕೊಡುತ್ತಿದ್ದಾರೆಯೇ? ನಾಲ್ಕನೆಯದು, ಇಷ್ಟು ವರ್ಷ ಹಣ ವಾಪಸು ಬರುವುದಿಲ್ಲ ಎಂದು ಗೊತ್ತಿದೆಯೇ? ಏಳನೆಯದು, ಎಲ್ಲವೂ ನಿಮಗೆ ಅರ್ಥವಾಗಿದೆಯೇ? ಕೆಳಗೆ ಒಂದು ಷರತ್ತು: ಹಿನ್ನೆಲೆಯಲ್ಲಿ ಇನ್ನೊಬ್ಬರು ಉತ್ತರ ಹೇಳಿಕೊಡುವುದು ಕೇಳಿಬಂದರೆ ಆ ಕರೆ ಕರೆಯೇ ಅಲ್ಲ, ಪೂರ್ತಿ ಹಣ ಹಿಂದಿರುಗಿಸತಕ್ಕದ್ದು. ಆ ಷರತ್ತಿಗಾಗಿ ಅಧ್ಯಕ್ಷರು ಎಲ್ಲರೆದುರು ಅವನ ಕೈ ಕುಲುಕಿದ್ದರು. ಅಂದಿನಿಂದ ಚಹಾ ಕೋಣೆಯಲ್ಲಿ ಅವನಿಗೆ "ಏಳು ಪ್ರಶ್ನೆ" ಎಂದೇ ಹೆಸರು. ವಿಭಾಗದ ಮುಖ್ಯಸ್ಥ ಈ ತಿಂಗಳು ನಿವೃತ್ತನಾಗುತ್ತಾನೆ, ಕುರ್ಚಿ ಏಳು ಪ್ರಶ್ನೆಗೇ ಎಂದು ಎಲ್ಲರೂ ಹಲ್ಲುಗಿಂಜುತ್ತಿದ್ದರು. ಏಳು ಪ್ರಶ್ನೆಯ ಸ್ವಂತ ಅಕ್ಕನೇ, ಅವನದೇ ಸೂರಿನಡಿ ಕೂತು, ಏಳಕ್ಕೂ ತಲೆಯಾಡಿಸಿ ಟೋಪಿ ಹಾಕಿಸಿಕೊಂಡಿದ್ದಾಳೆ ಎಂದು ಗೊತ್ತಾದರೆ ಇದೇ ಹಲ್ಲುಗಳು ಹೇಗೆ ಗಿಂಜುತ್ತವೆ ಎಂಬುದನ್ನು ಅವನು ಕಣ್ಣಿಗೆ ಕಟ್ಟಿದಂತೆ ಕಂಡಿದ್ದ. ಅರ್ಧ ಹಾಳೆ ಡ್ರಾಯರಿನಲ್ಲಿ ಸ್ಟೇಪ್ಲರಿನ ಕೆಳಗೆ ಇವತ್ತಿಗೂ ಖಾಲಿಯಾಗಿ ಬಿದ್ದಿತ್ತು.

ಆದರೆ ಅಷ್ಟೇ ಆಗಿದ್ದರೆ ಹಾಳೆ ತುಂಬಿ ಕೊಡುತ್ತಿದ್ದನೇನೋ. ಮಾರನೆಯ ದಿನ ಬಾಗಿಲು ಮುಚ್ಚಿಕೊಂಡು ಕಂಪನಿ ಕಳಿಸಿದ್ದ ರೆಕಾರ್ಡಿಂಗ್ ಹಾಕಿದ. ಪ್ರಶ್ನೆ ಕೇಳುವ ಹುಡುಗಿಯದು ಬಾಯಿಪಾಠ ಒಪ್ಪಿಸುವ ದನಿ. ಮೂರರವರೆಗೆ ಅಕ್ಕ ಸರಿಯಾಗಿಯೇ ಉತ್ತರಿಸಿದ್ದಳು. ನಾಲ್ಕನೆಯದಕ್ಕೆ ತಡೆದಳು. ಫೋನಿಗೆ ಕೈ ಅಡ್ಡ ಹಿಡಿದಿರಬೇಕು, ಎಕ್ಸ್‌ಚೇಂಜಿನ ಅಭ್ಯಾಸ. ಬಾವಿಯೊಳಗಿಂದ ಬಂದ ಹಾಗೆ ಒಂದು ಗೊಣಗು, ಅದಕ್ಕೆ ದೂರದಿಂದ ಒಬ್ಬ ಗಂಡಸಿನ ಉತ್ತರ, ಆಮೇಲೆ ಅಕ್ಕನ "ಹೂಂ". ಐದಕ್ಕೆ ಹೂಂ. ಆರಕ್ಕೆ ಹೂಂ. ಏಳಕ್ಕೆ ಹೂಂ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ, ಇಯರ್‌ಫೋನನ್ನು ಬೆರಳಿನಿಂದ ಕಿವಿಗೆ ಒತ್ತಿಕೊಂಡು ಕೇಳಿದ. ಆ ಕರೆ ಬಂದಿದ್ದ ಭಾನುವಾರ ಅವನು ಕಾಲು ಚಾಚಿ ಪೇಪರ್ ಓದುತ್ತಿದ್ದ, ಪದಬಂಧದ ಒಂದು ಮನೆ ಸಿಕ್ಕಿರಲಿಲ್ಲ. ಅಕ್ಕ ಗೋಡೆಯ ಹತ್ತಿರ ನಿಂತು ಫೋನಿಗೆ ಅಂಗೈ ಮುಚ್ಚಿ, "ಇದೇನೋ ಹತ್ತು ವರ್ಷ ಅಂತಿದಾರಲ್ಲೋ, ಹೂಂ ಅನ್ನಲಾ?" ಎಂದಿದ್ದಳು. ಅವನು ಪೇಪರಿನಿಂದ ತಲೆ ಎತ್ತದೆ ಅಂದಿದ್ದ: "ಹೂಂ ಅನ್ನಕ್ಕ. ಎಲ್ಲದಕ್ಕೂ ಹೂಂ ಅನ್ನು. ಇದೊಂದು ಶಾಸ್ತ್ರ ಅಷ್ಟೆ." ತಾನೇ ಬರೆದ ಏಳು ಪ್ರಶ್ನೆಗಳ ಬಗ್ಗೆ. ಹತ್ತು ವರ್ಷ ಎಂಬ ಮಾತು ಆಗ ಕಿವಿಗೆ ಬಿದ್ದಿರಲಿಲ್ಲ ಎಂದು ಒಂದು ವಾರ ತನಗೆ ತಾನೇ ಹೇಳಿಕೊಂಡ. ಬಿದ್ದಿತ್ತು. ಅಕ್ಕ ಬೇರೆ ಮನೆ ಮಾಡುತ್ತಾಳಂತೆ ಎಂದು ಹೆಂಡತಿ ಆ ಭಾನುವಾರದ ಹಿಂದಿನ ರಾತ್ರಿಯಷ್ಟೇ ಹೇಳಿದ್ದೂ, ಹಾಗಾದರೆ ಮನೆಯ ಕೆಲಸ ಯಾರ ತಲೆಗೆ ಬರುತ್ತದೆ ಎಂದು ಅವಳು ಲೆಕ್ಕ ಹಾಕಿದ್ದೂ ನೆನಪಿತ್ತು. ಪದಬಂಧದ ಚಿಂತೆಯಲ್ಲಿ ಅಂದುಬಿಟ್ಟೆನೋ, ಹತ್ತು ವರ್ಷ ಅವಳು ಇಲ್ಲೇ ಬಿದ್ದಿರಲಿ ಎಂದು ಅಂದೆನೋ, ಎಷ್ಟು ಕೆದಕಿದರೂ ತಳ ಸಿಗಲಿಲ್ಲ. ಆಗ ಸಿಗದಿದ್ದ ಪದವೂ ಇಂದಿಗೂ ಸಿಕ್ಕಿರಲಿಲ್ಲ.

ಅಕ್ಕ ಹೊರಟು ಹೋಗಬೇಕೆಂದದ್ದು ಯಾಕೆ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಗೆ ಸಹೋದ್ಯೋಗಿಗಳು ಊಟಕ್ಕೆ ಬಂದಿದ್ದ ಒಂದು ದಿನ ಫೋನ್ ಹೊಡೆದುಕೊಂಡಿತ್ತು. ಅಕ್ಕ ಎತ್ತಿಕೊಂಡು, ಹಳೆಯ ಚಾಳಿಯಲ್ಲಿ ರಾಗವಾಗಿ "ಹಲೋ, ಯಾವ ನಂಬರ್ ಬೇಕಾಗಿತ್ತು?" ಎಂದಳು. ಎಲ್ಲರೂ ನಕ್ಕರು. ಅವನು ಸುಮ್ಮನಿರಬಹುದಿತ್ತು, ಎದ್ದು ನಿಂತು, ಮೂಗು ಹಿಡಿದುಕೊಂಡು ಅವಳ ದನಿ ಅಣಕಿಸಿದ. "ಇವಳಿಗೆ ಏನೂ ಗೊತ್ತಾಗಲ್ಲ ಬಿಡಿ, ಮೂವತ್ತು ವರ್ಷ ಬೇರೆಯವರ ಮಾತನ್ನ ಈ ಕಡೆಯಿಂದ ಆ ಕಡೆ ದಾಟಿಸಿದ್ದೇ ಸಾಧನೆ" ಎಂದ. ಆಮೇಲೆ ಮಾತು ಅವನ ನಿಯಮಗಳ ಕಡೆ ತಿರುಗಿತು, ಅಥವಾ ಅವನೇ ತಿರುಗಿಸಿದ. ದೂರು ಮುಗಿದ ಮೇಲೆ ಮಂಡಳಿಯವರೇ ದೂರುದಾರರಿಗೆ ಮಾಡುವ ತೃಪ್ತಿ ಕರೆಯೂ ರೆಕಾರ್ಡ್ ಆಗುತ್ತದೆ, ನೇರ ಕೇಂದ್ರ ಕಚೇರಿಗೆ ಹೋಗಿ ಕೂರುತ್ತದೆ, ಏಳು ವರ್ಷ ಯಾರಪ್ಪನಿಂದಲೂ ಅಳಿಸಲು ಸಾಧ್ಯವಿಲ್ಲ, "ನನ್ನ ಕೈಯಲ್ಲೂ ಆಗಲ್ಲ, ಹಾಗೆ ಬಿಗಿ ಮಾಡಿದೀನಿ" ಎಂದು ಎದೆ ತಟ್ಟಿಕೊಂಡ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಡಿಸುವಾಗ ಅವನ ತಟ್ಟೆಗೂ ಎಲ್ಲರಿಗೆ ಹಾಕಿದಷ್ಟೇ ಹಾಕಿದಳು.

ಕಚೇರಿಯ ಮೆಟ್ಟಿಲ ಹತ್ತಿರ ಕಂಪನಿಯ ಕಡೆಯವನು ಆಗಲೇ ಬಂದು ನಿಂತಿದ್ದ. ಅಂಗಿಯ ಮಡಿಕೆ ಬೆರಳು ಕೊಯ್ಯುವಷ್ಟು ಹರಿತವಾಗಿರುತ್ತಿದ್ದ ಅವನಿಗೆ ಇವನು ಮನಸ್ಸಿನಲ್ಲೇ ಇಟ್ಟ ಹೆಸರು ಇಸ್ತ್ರಿ. "ನಮಸ್ಕಾರ ಸರ್, ಮನೆ ಕಡೆ ಎಲ್ಲ ಸೌಖ್ಯ ತಾನೇ?" ಎಂದ ಇಸ್ತ್ರಿ. ಆ ಪ್ರಶ್ನೆಗೆ ಇವನ ಬೆನ್ನು ಒಂದು ಸಲ ಸೆಟೆಯಿತು. ಇಲ್ಲ, ಅವನಿಗೆ ಗೊತ್ತಿಲ್ಲ, ಎಲ್ಲರ ಮನೆಯನ್ನೂ ವಿಚಾರಿಸುವ ನಾಲಿಗೆ ಅದು. ಹಿಂದಿನ ವರ್ಷ ತಪಾಸಣೆಗೆ ಹೋದಾಗಲೂ ಇದೇ ನಾಲಿಗೆ. ತಪಾಸಣೆ ಎಂದರೆ ಏನು: ಯಾವ ಯಾವ ಫೈಲು ನೋಡುತ್ತೇವೆ ಎಂದು ಒಂದು ವಾರ ಮೊದಲೇ ಪಟ್ಟಿ ಕಳಿಸುವುದು, ಅವರು ಆ ಫೈಲುಗಳನ್ನು ಮದುವಣಗಿತ್ತಿಯರ ಹಾಗೆ ಸಿಂಗರಿಸಿ ಸಾಲಾಗಿ ಕೂರಿಸುವುದು, ಇವರು ತಣ್ಣನೆಯ ಕೋಣೆಯಲ್ಲಿ ಗಂಭೀರವಾಗಿ ಪುಟ ತಿರುಗಿಸುವುದು, ಎಲ್ಲವೂ ಕ್ರಮಬದ್ಧವಾಗಿದೆ ಎಂದು ಬರೆಯುವುದು, ಹೊರಡುವಾಗ ಬಲವಂತಕ್ಕೆ ಎಂಬಂತೆ ಒಂದು ಡೈರಿ ತೆಗೆದುಕೊಳ್ಳುವುದು. ಅಂದು ನೋಡಿದ ಇನ್ನೂರು ರೆಕಾರ್ಡಿಂಗಿನಲ್ಲಿ ಇನ್ನೂರು ಜನವೂ ಹೂಂ ಅಂದಿದ್ದರು. ಒಬ್ಬನೇ ಒಬ್ಬನೂ ಉಹೂಂ ಅನ್ನದಿದ್ದುದು ಅವನಿಗೆ ವಿಚಿತ್ರವೆನಿಸಿರಲಿಲ್ಲ, ತನ್ನ ಪ್ರಶ್ನೆಗಳು ಎಷ್ಟು ಸ್ಪಷ್ಟವಾಗಿವೆ ಎಂದು ಹೆಮ್ಮೆಪಟ್ಟಿದ್ದ. ಆ ಡೈರಿ ಈಗ ಮನೆಯಲ್ಲಿ ಹಾಲಿನವನ ಲೆಕ್ಕಕ್ಕೆ ಬಳಕೆಯಾಗುತ್ತಿತ್ತು.

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜು, ಅದರ ತುದಿಯಲ್ಲಿ ಮಂಡಳಿಯ ಹಿರಿಯ ಸದಸ್ಯರು. ಹಿಂದೆ ನ್ಯಾಯಾಧೀಶರಾಗಿದ್ದವರು, ಎರಡೂ ಕಿವಿ ಮಂದ, ಬಲಗಿವಿಯ ಯಂತ್ರ ಆಗಾಗ ಕೀಚ್ ಎನ್ನುತ್ತಿತ್ತು. ಧ್ವನಿಯ ಮೇಲೆ ನಿಂತ ಪ್ರಕರಣಕ್ಕೆ ಕಿವಿ ಕೇಳದವರನ್ನೇ ಕೂರಿಸಿದ್ದಾರಲ್ಲ ಎಂದು ಅವನಿಗೆ ನಗು ಬಂತು, ಅದರ ಜೊತೆಗೇ ಒಂದು ಕೊಳಕು ಸಮಾಧಾನವೂ ಬಂತು. ಅಕ್ಕನನ್ನು ಕರೆದರು. ಬಂದು ಕೈಮುಗಿದು ಅವನ ಎದುರಿನ ಕುರ್ಚಿಯಲ್ಲಿ ಕೂತಳು. ಬೆಳಿಗ್ಗೆ ಒಂದೇ ಪಾತ್ರೆಯ ಚಹಾ ಕುಡಿದವರು ಈಗ ಅಧಿಕಾರಿ ಮತ್ತು ದೂರುದಾರರು. ಅವಳ ಹಣೆಯ ಮೇಲೆ ಬಸ್ಸಿನ ಬೆವರು ಇನ್ನೂ ಆರಿರಲಿಲ್ಲ. ಅವನು ಫೈಲು ತೆರೆದು ಸಾರಾಂಶ ಓದಿದ. ದೂರುದಾರರು ಸುಶಿಕ್ಷಿತರು, ಮೂವತ್ತೊಂದು ವರ್ಷ ಇಲಾಖೆಯಲ್ಲಿ ಸೇವೆ ಸಲ್ಲಿಸಿದವರು, ಏಳೂ ಪ್ರಶ್ನೆಗಳಿಗೆ ಸಮ್ಮತಿ ಸೂಚಿಸಿರುತ್ತಾರೆ. ದನಿ ಎಲ್ಲೂ ನಡುಗಲಿಲ್ಲ. ಇಸ್ತ್ರಿ ಒಪ್ಪಿಗೆಯಿಂದ ತಲೆಯಾಡಿಸುತ್ತಿದ್ದ, ತನ್ನ ವಕಾಲತ್ತನ್ನು ಬೇರೆಯವನು ಬಿಟ್ಟಿ ಮಾಡಿಕೊಡುವಾಗ ಆಡಿಸುವ ಹಾಗೆ. ಗುಮಾಸ್ತ ಸ್ಪೀಕರಿನ ವೈರು ಸಿಕ್ಕಿಸಿ ರೆಕಾರ್ಡಿಂಗ್ ಹಾಕಿದ.

ಬಾವಿಯೊಳಗಿನ ದನಿ ಬಂತು, ಹೋಯಿತು. ಹಿರಿಯರು ಕೈ ಎತ್ತಿದರು. "ನಿಲ್ಸಿ. ಮಧ್ಯದಲ್ಲಿ ಯಾರೋ ಮಾತಾಡಿದ ಹಾಗಿತ್ತಲ್ಲ?" ಎಷ್ಟೋ ವರ್ಷದಿಂದ ಏನೂ ಕೇಳಿಸದ ಕಿವಿಗೆ ಇವತ್ತು ಇದೊಂದು ಕೇಳಿಸಬೇಕೆ. "ಟಿವಿ ಸರ್" ಎಂದ ಇಸ್ತ್ರಿ, ಉಸಿರಾಡುವಷ್ಟು ಸಲೀಸಾಗಿ. "ಭಾನುವಾರ ಬೇರೆ, ಎಲ್ಲರ ಮನೇಲೂ ಇರತ್ತೆ." ಮತ್ತೆ ಹಾಕಿಸಿದರು. ಮೂರನೆಯ ಸಲವೂ ಹಾಕಿಸಿದರು. ಮೂರೂ ಸಲ ಅವನು ಮೇಜಿನ ಮೇಲಿನ ನೀರಿನ ಲೋಟದ ಒದ್ದೆ ಉಂಗುರವನ್ನು ನೋಡುತ್ತಿದ್ದ. "ನೀವೇನಂತೀರಿ?" ಹಿರಿಯರು ಅವನ ಕಡೆ ತಿರುಗಿದರು. "ಈ ಪ್ರಶ್ನೆಗಳನ್ನ ಬರೆದವರೇ ನೀವಲ್ಲವೇ?" ಈಗ ಹೇಳಿಬಿಡಬಹುದಿತ್ತು. ನನ್ನ ದನಿ ಸರ್. ಮೂರೇ ಪದ. ಹೇಳಿದರೆ ಅಕ್ಕನಿಗೆ ಎರಡು ಕೋಣೆ, ಅವನಿಗೆ ನೋಟೀಸು, ಚಹಾ ಕೋಣೆಗೆ ಒಂದು ವರ್ಷಕ್ಕಾಗುವ ಮೇವು. ಇಸ್ತ್ರಿಯ ಮುಖದಲ್ಲಿ ಮೆಲ್ಲಗೆ ಅರಳುವ ನಗುವೊಂದನ್ನು ಅವನು ಮುಂಚಿತವಾಗಿಯೇ ಕಂಡ, ಅದನ್ನು ತಡೆದುಕೊಳ್ಳುವುದು ತನ್ನಿಂದ ಸಾಧ್ಯವೇ ಇಲ್ಲ ಎನಿಸಿತು. "ಸ್ಪಷ್ಟವಾಗಿಲ್ಲ ಸರ್. ಟಿವಿ ಇರಬಹುದು" ಎಂದ.

"ನಮ್ಮನೇಲಿ ಟಿವಿ ಇಲ್ಲ ಸರ್" ಎಂದಳು ಅಕ್ಕ. ಅವಳ ದನಿ ಕೋಣೆಯಲ್ಲಿ ಮೊದಲ ಸಲ ಕೇಳಿಸಿದ್ದು ಆಗಲೇ. ನಿಜ, ಇರಲಿಲ್ಲ. ಟಿವಿ ನೋಡುವವರು ಕುರಿಗಳು ಎಂದು ಇವನೇ ಮೂರು ವರ್ಷದ ಹಿಂದೆ ಗುಜರಿಯವನಿಗೆ ಹಾಕಿದ್ದ. ಸಂಜೆ ಹೊತ್ತು ಅವಳಿಗಿದ್ದ ಒಂದೇ ಕಾಲಕ್ಷೇಪ ಅದಾಗಿತ್ತು. "ಹಾಗಾದರೆ ಯಾರಮ್ಮಾ ಅದು?" ಎಂದರು ಹಿರಿಯರು. ಅಕ್ಕ ಅವನನ್ನು ನೋಡಿದಳು. ಬೇಡಿಕೊಳ್ಳುವ ನೋಟವಾಗಿದ್ದರೆ ಅವನು ನಿಭಾಯಿಸುತ್ತಿದ್ದ, ಅಂಥ ನೋಟಗಳನ್ನು ದಿನಕ್ಕೆ ಇಪ್ಪತ್ತು ನಿಭಾಯಿಸುತ್ತಾನೆ. ಇದು ಲೈನು ಸಿಗಲಿ ಎಂದು ಕಾಯುವವಳ ನೋಟ. ಗಡಿಯಾರದ ಮುಳ್ಳಿನ ಸದ್ದು ಕೇಳುವಷ್ಟು ಹೊತ್ತು ಕಾದಳು. ಅವನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದ. "ಯಾರು ಅಂತ ನಾನು ಹೇಳಿದ್ರೆ ಸಾಕಾ ಸರ್?" ಎಂದಳು ಕೊನೆಗೆ. "ಹೇಗೆ ಸಾಕಾಗತ್ತೆ ಸರ್?" ಇಸ್ತ್ರಿ ಮುಂದೆ ಬಾಗಿದ. "ಇವತ್ತು ಒಬ್ಬರ ಹೆಸರು ಹೇಳ್ತಾರೆ, ನಾಳೆ ಇನ್ನೊಬ್ಬರದು. ಪುರಾವೆ ಬೇಕು." ಹಿರಿಯರು ಮತ್ತೆ ಅವನ ಕಡೆ ನೋಡಿದರು. ನಿಯಮ ಅವನ ನಾಲಿಗೆಯ ತುದಿಯಲ್ಲೇ ಇತ್ತು, ಕೇಳಿದ ಕೂಡಲೇ ಉದುರಿತು. "ಅನುಮಾನ ಇರೋ ಧ್ವನೀನ ಅದೇ ವ್ಯಕ್ತಿಯ ಇನ್ನೊಂದು ರೆಕಾರ್ಡಿಂಗ್ ಜೊತೆ ಹೋಲಿಸಿ ನೋಡಬೇಕು ಸರ್. ಅಂಥದ್ದು ಇದ್ರೆ ಮಾತ್ರ ಪುರಾವೆ." "ಅಂಥದ್ದು ಇದೆಯೇನಮ್ಮಾ?" "ಸದ್ಯಕ್ಕಿಲ್ಲ ಸರ್" ಎಂದಳು ಅಕ್ಕ.

ಅಲ್ಲಿಗೆ ಮುಗಿಯಿತು. ಪುರಾವೆಯ ಕೊರತೆಯಿಂದ ದೂರನ್ನು ವಜಾ ಮಾಡಲಾಗಿದೆ, ಬೇಕಾದರೆ ಮೂವತ್ತು ದಿನದೊಳಗೆ ಮೇಲ್ಮನವಿ. ಇಸ್ತ್ರಿ ಎದ್ದು ಎಲ್ಲರಿಗೂ, ಅಕ್ಕನಿಗೂ, ಒಂದೇ ಅಳತೆಯ ನಮಸ್ಕಾರ ಹಂಚಿದ. ಗುಮಾಸ್ತ ಅಕ್ಕನ ಕೈಗೆ ಒಂದು ಕರಪತ್ರ ಕೊಟ್ಟು, ಸಂಜೆಯೊಳಗೆ ಮಂಡಳಿಯಿಂದ ನಿಮಗೆ ತೃಪ್ತಿ ಕರೆ ಬರುತ್ತದೆ, ನಮ್ಮ ಸೇವೆ ಹೇಗಿತ್ತು ಎಂದು ಹೇಳಿ ಎಂದ. ಅವಳು ಕರಪತ್ರವನ್ನು ಎರಡೂ ಕಡೆ ನಿಧಾನವಾಗಿ ಓದಿದಳು. ಆಮೇಲೆ ಹಿರಿಯರ ಕಡೆ ತಿರುಗಿ, ಮೆತ್ತಗೆ, "ಆ ಕರೇನ ಇವರೇ ಮಾಡಬಹುದಾ ಸರ್? ಇವರು ಮಾತಾಡೋದು ನನಗೆ ಚೆನ್ನಾಗಿ ಅರ್ಥ ಆಗತ್ತೆ" ಎಂದಳು. ಹಿರಿಯರಿಗೆ ಖುಷಿಯಾಯಿತು. ಸೋತರೂ ಇಷ್ಟು ಸೌಜನ್ಯ ತೋರಿಸುವ ದೂರುದಾರರು ಅವರಿಗೆ ಅಪರೂಪ. "ಧಾರಾಳವಾಗಿ" ಎಂದರು. ಅವನು ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ. ಬಿಟ್ಟುಕೊಟ್ಟಳು, ಬಿಡು. ಬಿಟ್ಟುಕೊಡುವುದೇ ಅವಳ ಹಣೆಬರಹ. ಅಮ್ಮ ಸತ್ತಾಗ ಓದು ಬಿಟ್ಟುಕೊಟ್ಟಳು, ಇವನ ಫೀಸಿಗಾಗಿ ಮದುವೆ ಬಿಟ್ಟುಕೊಟ್ಟಳು, ಈಗ ಎರಡು ಕೋಣೆ. ಬೆನ್ನುಮೂಳೆ ಇಲ್ಲದವರನ್ನು ಮಂಡಳಿಯಾಗಲಿ ದೇವರಾಗಲಿ ಎಷ್ಟೂಂತ ಕಾಪಾಡುವುದು. ಮಧ್ಯಾಹ್ನ ಡಬ್ಬಿ ತೆರೆದರೆ ಅವಳು ಮಾಡಿದ ಅಡುಗೆ, ಪೂರ್ತಿ ಉಂಡ.

ತೃಪ್ತಿ ಕರೆಯ ಕೋಣೆ ಎರಡನೆಯ ಮಹಡಿಯ ಮೂಲೆಯಲ್ಲಿತ್ತು. ಒಂದು ಮೇಜು, ಒಂದು ಫೋನು, ಗೋಡೆಗೆ ಅಂಟಿಸಿದ ಐದು ಪ್ರಶ್ನೆಗಳ ಹಾಳೆ, ಅವೂ ಅವನವೇ. ಐದಕ್ಕೆ ಹತ್ತು ನಿಮಿಷ ಇರುವಾಗ ನಂಬರ್ ಒತ್ತಿದ. ಫೋನಿನ ಮೇಲಿನ ಕೆಂಪು ದೀಪ ಹತ್ತಿತು. ಆ ಕಡೆ ಅಕ್ಕ ಎತ್ತಿಕೊಂಡಳು, "ಹಲೋ" ಎಂದಳು. ಹಿಂದೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಆ ನಲ್ಲಿಯ ವಾಷರ್ ಬದಲಿಸಬೇಕು ಎಂದು ಅವಳು ಹೇಳುತ್ತಾ ಒಂದು ತಿಂಗಳಾಗಿತ್ತು.

"ಮಂಡಳಿಯಿಂದ ಮಾತನಾಡುತ್ತಿದ್ದೇವೆ. ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ. ನಿಮ್ಮ ದೂರನ್ನು ಮಂಡಳಿಯು ತಾಳ್ಮೆಯಿಂದ ಆಲಿಸಿತೇ?" ಹಾಳೆ ನೋಡಿ ಓದಿದ.

ನಲ್ಲಿ ತೊಟ್ಟಿಕ್ಕುತ್ತಿತ್ತು.

"ನಿಮ್ಮ ದೂರನ್ನು ಮಂಡಳಿಯು ತಾಳ್ಮೆಯಿಂದ ಆಲಿಸಿತೇ?"

"ಏನು ಹೇಳಬೇಕು ಅಂತ ಗೊತ್ತಾಗ್ತಿಲ್ಲ" ಎಂದಳು ಅಕ್ಕ.

ಅವನು ಗಡಿಯಾರ ನೋಡಿದ. ಎರಡನೆಯ ಪ್ರಶ್ನೆ ಓದಿದ, ಆದೇಶವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಯಿತೇ? ಮೂರನೆಯದು ಓದಿದ. ಸುಮ್ಮನೆ ಉಸಿರಾಡುತ್ತಿದ್ದಳು. ಹೊರಗೆ ಕಾರಿಡಾರಿನಲ್ಲಿ ಎಲ್ಲರೂ ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿಯುವ ಸದ್ದು, ಯಾರೋ ಯಾರಿಗೋ ನಾಳೆ ಸಿಗೋಣ ಅಂದರು. ಐದಕ್ಕೂ ಉತ್ತರ ಬರದಿದ್ದರೆ ಕರೆ ಅಪೂರ್ಣ, ಫೈಲು ಮುಚ್ಚುವುದಿಲ್ಲ, ನಾಳೆ ಮತ್ತೆ ಇದೇ ರಗಳೆ, ಈ ಫೈಲು ಮತ್ತೆ ಮೇಜಿನ ಮೇಲೆ. ಅವನ ನೆತ್ತಿ ಬಿಸಿಯಾಯಿತು. ಇಷ್ಟು ವರ್ಷವಾದರೂ ಒಂದು ಹೂಂ ಅನ್ನಲೂ ಹೇಳಿಕೊಡಬೇಕು ಇವಳಿಗೆ.

"ಏನನ್ನಲೋ?" ಎಂದಳು ಅಕ್ಕ, ಗೋಡೆಯ ಹತ್ತಿರ ನಿಂತು ಕೇಳುವವಳ ಹಾಗೆ.

"ಹೂಂ ಅನ್ನಕ್ಕ. ಎಲ್ಲದಕ್ಕೂ ಹೂಂ ಅನ್ನು. ಇದೊಂದು ಶಾಸ್ತ್ರ ಅಷ್ಟೆ."

ಬಾಯಿಂದ ಹೊರಟ ಮೇಲೆ ಆ ಮಾತನ್ನು ಅವನೂ ಕೇಳಿಸಿಕೊಂಡ. ಅದೇ ಪದಗಳು, ಅದೇ ಅಸಡ್ಡೆ, ಮೇಲೆ ಅಕ್ಕ ಎಂದು ಕರೆದದ್ದು ಬೇರೆ. ಈ ಸಲ ಬಾವಿಯೊಳಗಿನಿಂದಲ್ಲ, ತುಟಿಯಿಂದ ಎರಡು ಬೆರಳು ದೂರದಿಂದ, ಕಾಗುಣಿತ ಸಮೇತ ಸ್ಪಷ್ಟವಾಗಿ. ಕೆಂಪಗೆ ಮಿಣುಕುತ್ತಿದ್ದ ಆ ದೀಪವನ್ನು ಅವನು ಬೆರಳಿನಿಂದ ಮುಚ್ಚಿದ, ಮುಚ್ಚಿದರೆ ಏನೋ ನಿಂತುಹೋಗುತ್ತದೆ ಎಂಬ ಹಾಗೆ. ಬೆರಳಿನ ಸುತ್ತ ಕೆಂಪು ಕಾಣುತ್ತಲೇ ಇತ್ತು.

ಆ ಕಡೆ ಅಕ್ಕ ಗಂಟಲು ಸರಿಮಾಡಿಕೊಂಡಳು. ಆಮೇಲೆ ಬಂದದ್ದು ಎಕ್ಸ್‌ಚೇಂಜಿನ ದನಿ. ಅವನು ಮೂಗು ಹಿಡಿದು ಅಣಕಿಸಿದ್ದ, ಪ್ರತಿ ಅಕ್ಷರವನ್ನೂ ಬಿಡಿಸಿ ಇಡುವ ದನಿ. "ಇಷ್ಟು ಸಾಕು. ಈ ಕರೇನೂ ಆ ಭಾನುವಾರದ ಕರೇನೂ ಒಟ್ಟಿಗೆ ಹಾಕಿ ಕೇಳಿ ಅಂತ ನಾಳೆ ಬೆಳಿಗ್ಗೆ ಮೇಲ್ಮನವಿ ಕೊಡ್ತೀನಿ. ಇದನ್ನ ನಿನ್ನ ಕೈಯಲ್ಲೂ ಅಳಿಸೋಕಾಗಲ್ಲ ಅಂತ ಅವತ್ತು ಊಟದ ಹೊತ್ತಲ್ಲಿ ನೀನೇ ಹೇಳಿದ್ದೆ. ಎದುರಿಗೆ ಕೂತಾಗ ನೀನಾಗೇ ಹೇಳ್ತೀಯ ಅಂತ ಕಾದೆ ಕಣೋ. ತುಂಬ ಹೊತ್ತು ಕಾದೆ."

ಅವನು ತಲೆ ಎತ್ತಿದ. ಗೋಡೆಯ ಮೇಲಿನ ಐದು ಪ್ರಶ್ನೆಗಳಲ್ಲಿ ಈಗ ಕೇಳಬಹುದಾದದ್ದು ಯಾವುದೂ ಇರಲಿಲ್ಲ. ನಲ್ಲಿಯ ಸದ್ದು ನಿಂತಿತು. ಅವಳೇ ಹೋಗಿ ಬಿಗಿಯಾಗಿ ತಿರುಗಿಸಿರಬೇಕು.

"ಎಲ್ಲ ಅರ್ಥ ಆಯ್ತೇನೋ?" ಎಂದಳು.

"ಹೂಂ" ಎಂದ.